ಸೋಪಿಗೆ ಹಾಕಿದ ರೇಷ್ಮೆ ಯಾಕೆ ಕರಗಲಿಲ್ಲ?

ಪ್ರಶ್ನೆ: ನಾನು ಶಿಡ್ಲಘಟ್ಟದ ಕಡೆಯವಳು. ಮನೆಯಲ್ಲೇ ಕೋಲ್ಡ್ ಪ್ರೊಸೆಸ್ ಸೋಪು, ಅಂದರೆ ಎಣ್ಣೆಗೆ ಲೈ ನೀರು (ಕಾಸ್ಟಿಕ್ ಸೋಡ ಕರಗಿಸಿದ ನೀರು) ಬೆರೆಸಿ ಒಲೆಯ ಮೇಲೆ ಬೇಯಿಸದೆ ಮಾಡುವ ಸೋಪು, ಮಾಡುತ್ತೇನೆ. ನಮ್ಮ ಭಾವ ರೀಲರ್, ಗೂಡಿನಿಂದ ರೇಷ್ಮೆ ನೂಲು ತೆಗೆಯುವವರು. ರೇಷ್ಮೆ ಹಾಕಿದರೆ ಸೋಪು ನುಣುಪಾಗುತ್ತದೆ ಎಂದು ಕೇಳಿ, ಹಳೇ ಸೀರೆಯ ಸೆರಗಿನ ತುಂಡನ್ನೂ ಒಂದಷ್ಟು ಗೂಡಿನ ಚೂರನ್ನೂ ಲೈ ನೀರು ತಣ್ಣಗಾದ ಮೇಲೆ ಹಾಕಿದೆ. ರಾತ್ರಿಯಿಡೀ ಬಿಟ್ಟರೂ ಪೂರ್ತಿ ಕರಗಲಿಲ್ಲ. ಸೋಪು ಕತ್ತರಿಸುವಾಗ ಎಳೆಗಳು ಚಾಕುವಿಗೆ ಸುತ್ತಿಕೊಂಡು ಬಂದವು. ಸೀರೆ, ಗೂಡು, ರೀಲಿಂಗ್ ತ್ಯಾಜ್ಯ ಇದರಲ್ಲಿ ಯಾವುದು ಸರಿ? ಎಷ್ಟು ಹಾಕಬೇಕು? ಚರ್ಮಕ್ಕೆ ನಿಜವಾಗಿ ಲಾಭ ಇದೆಯಾ? ನನ್ನ ಹತ್ತಿರ ಸೋಪು ತಗೊಳ್ಳುವ ಜೈನ ಗೆಳತಿಯೊಬ್ಬರು ‘ಇದು ಅಹಿಂಸಾ ರೇಷ್ಮೆಯಾ’ (ಹುಳು ಕೊಲ್ಲದೆ ತೆಗೆದದ್ದಾ) ಎಂದು ಕೇಳುತ್ತಿದ್ದಾರೆ, ಅವರಿಗೆ ಏನು ಹೇಳಲಿ? ಹಾಳಾದ ಸೋಪನ್ನು ಎಸೆಯಬೇಕಾ?

ಉತ್ತರ:

‘ಲೈ ನೀರು ತಣ್ಣಗಾದ ಮೇಲೆ’ ಎಂದು ನೀವೇ ಬರೆದಿದ್ದೀರಿ. ಅಲ್ಲೇ ಇರುವುದು ತೊಂದರೆ. ಸೀರೆಯದ್ದು ಬೇರೆ ಕಥೆ, ಅದಕ್ಕೆ ಆಮೇಲೆ ಬರುತ್ತೇನೆ. ಗೂಡಿನ ಚೂರು ಮಾತ್ರ ಕರಗಲೇಬೇಕಿತ್ತು, ಕರಗದಿದ್ದುದು ಬಿಸಿ ಸಾಲದೆ. ಕಾಸ್ಟಿಕ್ ಸೋಡ ನೀರಿಗೆ ಬಿದ್ದಾಗ ತಾನಾಗಿ ಕಾಯುತ್ತದಲ್ವಾ, ಆ ಕಾವಿನಲ್ಲೇ ರೇಷ್ಮೆ ಕರಗಿ ಮುಗಿಯಬೇಕು. ಆ ಹೊತ್ತು ದಾಟಿದರೆ ರಾತ್ರಿಯಿಡೀ ಇಟ್ಟರೂ ಅಷ್ಟಕ್ಕಷ್ಟೇ. ಎಣ್ಣೆಗೆ ಸೇರಿದ ಮೇಲಂತೂ ಕಾಸ್ಟಿಕ್ಕೆಲ್ಲ ಎಣ್ಣೆಯ ಪಾಲು, ರೇಷ್ಮೆಗೆ ಏನೂ ಉಳಿಯುವುದಿಲ್ಲ.

ರೀಲಿಂಗ್ ಮನೆಯವರಿಗೆ ಇದನ್ನು ವಿವರಿಸುವುದು ಸುಲಭ. ಗೂಡಿನ ಎಳೆಯಲ್ಲಿ ಎರಡು ಪ್ರೋಟೀನ್ ಇವೆ. ಒಳಗಿನ ಗಟ್ಟಿ ಎಳೆ ಫೈಬ್ರೊಯಿನ್. ಅದರ ಮೇಲೆ ಸವರಿಕೊಂಡಿರುವ ಅಂಟು ಸೆರಿಸಿನ್. ತೂಕದಲ್ಲಿ ಅಂಟಿನ ಪಾಲು ಹೆಚ್ಚುಕಡಿಮೆ ನಾಲ್ಕನೇ ಒಂದು. ಗೂಡನ್ನು ಬಿಸಿನೀರಿಗೆ ಹಾಕಿದಾಗ ಮೆತ್ತಗಾಗಿ ಎಳೆ ಬಿಟ್ಟುಕೊಡುವುದು ಈ ಅಂಟೇ. ಬಣ್ಣ ಹಾಕುವ ಮುಂಚೆ ನೂಲನ್ನು ಸೋಪು, ಸೋಡ ಹಾಕಿದ ಕುದಿಗೆ ಹತ್ತಿರದ ಬಿಸಿನೀರಿನಲ್ಲಿ ಬೇಯಿಸಿ ಅಂಟು ತೆಗೆಯುತ್ತಾರೆ. ಆಗ ನೂಲಿನ ತೂಕ ಇಳಿಯುತ್ತದೆ, ಹೊಳಪು ಬರುತ್ತದೆ. ಯುರೋಪಿನಲ್ಲಿ ಈ ಕೆಲಸಕ್ಕೆ ಫ್ರಾನ್ಸಿನ ಮಾರ್ಸೇ ಸೋಪಿಗೆ ಬಹಳ ಬೇಡಿಕೆ ಇತ್ತು. ಅಂದರೆ ಸೋಪಿಗೂ ರೇಷ್ಮೆಗೂ ಹಳೇ ನಂಟಿದೆ, ಆದರೆ ಅಲ್ಲಿ ಸೋಪು ರೇಷ್ಮೆಯನ್ನು ತೊಳೆಯುತ್ತಿತ್ತೇ ಹೊರತು ಕರಗಿಸುತ್ತಿರಲಿಲ್ಲ.

ಸೋಪು ಮತ್ತು ವಾಷಿಂಗ್ ಸೋಡದಂಥ ಮೆದು ಕ್ಷಾರಕ್ಕೆ ಅಂಟು ಮಾತ್ರ ಬಿಡುತ್ತದೆ. ಫೈಬ್ರೊಯಿನ್ ಜಗ್ಗುವುದಿಲ್ಲ. ಅದರ ಅಣುಗಳು ಒತ್ತೊತ್ತಾಗಿ, ಸಾಲಾಗಿ ಕೂತಿವೆ. ಆ ಸಾಲಿನೊಳಗೆ ನುಗ್ಗಿ ಕೊಂಡಿ ಮುರಿಯಬೇಕೆಂದರೆ ಕ್ಷಾರ ಕಟುವಾಗಿಯೂ ಇರಬೇಕು, ಬಿಸಿಯಾಗಿಯೂ ಇರಬೇಕು. ನಿಮ್ಮ ತಣ್ಣನೆಯ ಲೈ ಕಟುವಾಗೇ ಇತ್ತು, ಬಿಸಿ ಇರಲಿಲ್ಲ. ಹಾಗಾಗಿ ಅಂಟು ಬಿಟ್ಟು ಹೋಗಿ, ಎಳೆ ಉಬ್ಬಿ ಜೋಲಾಗಿ, ಹಾಗೇ ಉಳಿಯಿತು. ಚಾಕುವಿಗೆ ಸುತ್ತಿಕೊಂಡಿದ್ದರಲ್ಲಿ ಒಂದು ಪಾಲು ಅದು.

ಈಗ ಮಾಡುವ ಕ್ರಮಕ್ಕೆ ಬರೋಣ. ಲೆಕ್ಕಕ್ಕೆ ಅಂತ ಒಂದು ಕಿಲೋ ಎಣ್ಣೆಯ ಅಳತೆ ಇಟ್ಟುಕೊಳ್ಳೋಣ: ಕೊಬ್ಬರಿ ಎಣ್ಣೆ 400 ಗ್ರಾಂ, ಪಾಮೋಲಿನ್ 300, ಕಡಲೆಕಾಯಿ ಎಣ್ಣೆ 200, ಹರಳೆಣ್ಣೆ 100. ಇದಕ್ಕೆ ಐದು ಪರ್ಸೆಂಟ್ ಸೂಪರ್‌ಫ್ಯಾಟ್ (ಸೋಪಾಗದೆ ಉಳಿಯಲಿ ಅಂತ ಬಿಡುವ ಎಣ್ಣೆ) ಬಿಟ್ಟರೆ ಕಾಸ್ಟಿಕ್ ಸೋಡ 147 ಗ್ರಾಂ ಬರುತ್ತದೆ, ನೀರು 300 ಗ್ರಾಂ. ನಿಮ್ಮ ಎಣ್ಣೆಗಳು ಬೇರೆಯಾದರೆ ಸೋಪ್ ಕ್ಯಾಲ್ಕುಲೇಟರ್‌ನಲ್ಲಿ ಹೊಸದಾಗಿ ಲೆಕ್ಕ ಹಾಕಿ. ಕೊಬ್ಬರಿ ಎಣ್ಣೆಗೆ ಬೇಕಾದಷ್ಟು ಕಾಸ್ಟಿಕ್ ಹರಳೆಣ್ಣೆಗೆ ಬೇಡ. ಅಂದಾಜಿನಲ್ಲಿ ಬದಲಿಸಬೇಡಿ.

ಈ ಅಳತೆಗೆ ರೇಷ್ಮೆ ಒಂದು ಗ್ರಾಂ. ಓದಿ ನಗು ಬರಬಹುದು, ಆದರೆ ಒಂದು ಗ್ರಾಂ ರೇಷ್ಮೆಯನ್ನು ಬಿಡಿಸಿ ಹರಡಿದರೆ ಅಂಗೈ ತುಂಬುತ್ತದೆ. ಕತ್ತರಿಯಲ್ಲಿ ಅರ್ಧ ಅಂಗುಲಕ್ಕಿಂತ ಸಣ್ಣದಾಗಿ ಕತ್ತರಿಸಿ. ಆಮೇಲೆ ಬೆರಳಲ್ಲಿ ಬಿಡಿಸಿ, ಹತ್ತಿಯ ಹಾಗೆ ಹಗುರ ಮಾಡಿಕೊಳ್ಳಿ. ಉಂಡೆ ಹಾಕಿದರೆ ಹೊರಗಡೆ ಕರಗಿ ಲೋಳೆಯಾಗುತ್ತದೆ, ಒಳಗಡೆ ಒಣಗಿದ್ದು ಒಣಗಿದ ಹಾಗೇ ಇರುತ್ತದೆ. ಹುರಿ ಮಾಡಿದ ನೂಲಾದರೆ ಹುರಿ ಬಿಚ್ಚುವವರೆಗೂ ಲೈ ಒಳಗೆ ಇಳಿಯುವುದಿಲ್ಲ. ಹುರಿ ಇಲ್ಲದ ಎಳೆಯೇ ವಾಸಿ.

ಸ್ಟೀಲ್ ಪಾತ್ರೆ ಅಥವಾ ಬಿಸಿ ತಡೆಯುವ ಪಾಲಿಪ್ರೊಪಿಲೀನ್ ಜಗ್ ತಗೊಳ್ಳಿ. ಅಲ್ಯುಮಿನಿಯಂ ಮುಟ್ಟಲೇಬೇಡಿ, ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ನಿಮ್ಮ ಕಡೆ ಬೋರ್‌ವೆಲ್ ನೀರು ಗಡಸು, ಅದನ್ನು ಬಿಟ್ಟು ಡಿಸ್ಟಿಲ್ಡ್ ನೀರು ಹಾಕಿ, ಸಿಗದಿದ್ದರೆ ಫಿಲ್ಟರಿನ ಆರ್‌ಓ ನೀರಾದರೂ ಆಗಲಿ. ನೀರು ಕೋಣೆಯ ಬಿಸಿಯಲ್ಲಿದ್ದರೆ ಸಾಕು. ಫ್ರಿಜ್ ನೀರು, ಐಸ್ ಬೇಡ. ಬೇರೆ ಸೋಪಿಗೆ ಹೊಗೆ ಕಡಿಮೆ ಆಗಲಿ ಅಂತ ಐಸ್ ಹಾಕುವುದುಂಟು, ಇಲ್ಲಿ ಮಾತ್ರ ನಮಗೆ ಆ ಬಿಸಿಯೇ ಬೇಕು. ಕನ್ನಡಕ, ಕೈಗವಸು ಹಾಕಿಕೊಂಡು, ಕಿಟಕಿ ತೆಗೆದು, ಮಕ್ಕಳನ್ನು ಆಚೆ ಕಳಿಸಿ, ನೀರಿಗೆ ಕಾಸ್ಟಿಕ್ಕನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಕಾಸ್ಟಿಕ್ ಮೇಲೆ ನೀರು ಸುರಿಯಬಾರದು, ಚಿಮ್ಮಿ ಕಣ್ಣಿಗೆ ಬೀಳುತ್ತದೆ. ನೀವು ಮೊದಲಿಂದ ಮಾಡುತ್ತಿರುವವರು, ಗೊತ್ತಿರುತ್ತದೆ. ಆದರೂ ಇದನ್ನು ಓದುವವರಲ್ಲಿ ಹೊಸಬರೂ ಇರುತ್ತಾರೆ.

ಎರಡು ಮೂರು ನಿಮಿಷಕ್ಕೆ ಲೈ 80–90 ಡಿಗ್ರಿಗೆ ಏರುತ್ತದೆ. ಮೊದಲು ಬಿಳಿಚಿಕೊಂಡಿದ್ದು ತಿಳಿಯಾಗುತ್ತದೆ. ತಿಳಿಯಾದ ಕೂಡಲೇ ರೇಷ್ಮೆಯನ್ನು ಒಂದೊಂದೇ ಚಿಟಿಕೆ ಹಾಕಿ, ಸ್ಟೀಲ್ ಚಮಚದಲ್ಲಿ ಒಳಗೆ ಅದುಮಿ. ಅದು ತೇಲಲು ನೋಡುತ್ತದೆ, ಬಿಡಬೇಡಿ. ಬಿಳಿ ಎಳೆ ಮೊದಲು ಒದ್ದೆಯಾಗಿ ಗಾಜಿನಂತೆ ಪಾರದರ್ಶಕ ಆಗುತ್ತದೆ. ಆಮೇಲೆ ಚಮಚಕ್ಕೆ ಲೋಳೆಯಾಗಿ ಹತ್ತುತ್ತದೆ. ಇನ್ನೊಂದಷ್ಟು ತಿರುಗಿಸಿದರೆ ಲೋಳೆ ನೂಲುನೂಲಾಗಿ ಬಿಟ್ಟು, ಲೈ ತೆಳು ಹಳದಿಗೆ ತಿರುಗುತ್ತದೆ. ಬೆಳಕಿಗೆ ಹಿಡಿದು ನೋಡಿದಾಗ ಎಳೆ ಕಾಣದಿದ್ದರೆ ಮುಗಿಯಿತು. ಹತ್ತು ಹದಿನೈದು ನಿಮಿಷದ ಕೆಲಸ. ಬೆಂದ ಗೂಡಿನ ವಾಸನೆ ಒಂಚೂರು ಬರುತ್ತದೆ. ರೀಲಿಂಗ್ ಮನೆಯವರಿಗೆ ಅದು ಗೊತ್ತೇ ಆಗುವುದಿಲ್ಲ, ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ಸೋಪು ಒಣಗುವಷ್ಟರಲ್ಲಿ ಹೋಗುತ್ತದೆ.

ಇನ್ನೂ ಎಳೆ ಉಳಿದಿದ್ದರೆ ಜಗ್ಗನ್ನು ಕುದಿನೀರಿನ ದೊಡ್ಡ ಪಾತ್ರೆಯೊಳಗೆ ಇಳಿಸಿ ಕಾವು ಹಿಡಿದಿಡಿ. ನೇರವಾಗಿ ಒಲೆಯ ಮೇಲೆ ಬೇಡ, ಮೈಕ್ರೋವೇವ್ ಅಂತೂ ಬೇಡವೇ ಬೇಡ. ಮಾಮೂಲಿ ಬಿಸಿಗೆ ಇಳಿದ ಮೇಲೆ ಸ್ಟೀಲ್ ಜಾಲರಿಯಲ್ಲಿ ಸೋಸಿ ಎಣ್ಣೆಗೆ ಸೇರಿಸಿ. ಸೋಸುವುದನ್ನು ಎಂದೂ ಬಿಡಬೇಡಿ. ಮುಂದಿನದೆಲ್ಲ ನಿಮ್ಮ ಎಂದಿನ ಪದ್ಧತಿ. ಟ್ರೇಸ್ ಬರುವ (ಎಣ್ಣೆ, ಲೈ ಬೆರೆತು ಗಟ್ಟಿಯಾಗತೊಡಗುವ) ಹೊತ್ತಿನಲ್ಲಿ ವ್ಯತ್ಯಾಸವೇನೂ ಕಾಣುವುದಿಲ್ಲ.

ರೇಷ್ಮೆಯೂ ಕಾಸ್ಟಿಕ್ ತಿನ್ನುತ್ತದಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಕಾ ಎಂದು ಕೆಲವರು ಕೇಳುತ್ತಾರೆ. ಒಂದು ಗ್ರಾಂ ರೇಷ್ಮೆ ಕೊನೆಯ ಅಮೈನೊ ಆಸಿಡ್‌ವರೆಗೆ ಒಡೆದರೂ ಅದು ತಿನ್ನುವ ಕಾಸ್ಟಿಕ್ ಅರ್ಧ ಗ್ರಾಂ ಸುತ್ತಮುತ್ತ. ನಿಜದಲ್ಲಿ ಅಷ್ಟು ಪೂರ್ತಿ ಒಡೆಯುವುದೂ ಇಲ್ಲ. 147 ಗ್ರಾಂ ಎದುರು ಅದು ಲೆಕ್ಕಕ್ಕಿಲ್ಲ. ಆದರೆ ಒಂದು ಗ್ರಾಂ ಒಳ್ಳೆಯದಾದರೆ ಇಪ್ಪತ್ತು ಗ್ರಾಂ ಇನ್ನೂ ಒಳ್ಳೆಯದಲ್ವಾ ಎಂದು ಹೊರಟವರಿಗೆ ಅಪಾಯ ಇದೆ. ಇಪ್ಪತ್ತು ಗ್ರಾಂ ರೇಷ್ಮೆ ಹತ್ತು ಗ್ರಾಂವರೆಗೆ ಕಾಸ್ಟಿಕ್ ಎಳೆದುಕೊಳ್ಳಬಹುದು. ಆಗ ಐದು ಇದ್ದ ಸೂಪರ್‌ಫ್ಯಾಟ್ ಹನ್ನೆರಡರ ಹತ್ತಿರ ಹೋಗುತ್ತದೆ. ಸೋಪು ಮೆತ್ತಗಾಗುತ್ತದೆ, ಜಿಡ್ಡು ಉಳಿಯುತ್ತದೆ, ಬೇಸಿಗೆಯಲ್ಲಿ ಬೇಗ ಕಮಟು ಹಿಡಿಯುತ್ತದೆ. ಅಷ್ಟು ರೇಷ್ಮೆ ಕರಗಿಸುವುದೂ ದೊಡ್ಡ ತಲೆನೋವು. ಎರಡು ಗ್ರಾಂ ದಾಟಬೇಡಿ.

ಇನ್ನು ಯಾವ ರೇಷ್ಮೆ ಎಂಬ ಪ್ರಶ್ನೆ.

ಸೀರೆ ಬೇಡ. ಇದರಲ್ಲಿ ನನಗೆ ಎರಡು ಮಾತಿಲ್ಲ. ನೀವು ಹಾಕಿದ್ದು ಸೆರಗಿನ ತುಂಡು, ಅದರಲ್ಲಿ ಜರಿ ಇರುತ್ತದೆ. ಹಳೇ ಕಾಲದ ಅಸಲಿ ಜರಿಯಾದರೆ ಬೆಳ್ಳಿ, ಚಿನ್ನ. ಈಗಿನ ಅಗ್ಗದ ಜರಿಯಲ್ಲಿ ತಾಮ್ರ ಇರುತ್ತದೆ, ಇಲ್ಲವೇ ಲೋಹ ಲೇಪಿಸಿದ ಪ್ಲಾಸ್ಟಿಕ್ ಪಟ್ಟಿ. ತಾಮ್ರ ಸೋಪಿಗೆ ಶತ್ರು. ಚೂರು ತಾಮ್ರ ಇದ್ದರೂ ಸೋಪಿನಲ್ಲಿ ಉಳಿದ ಎಣ್ಣೆ ಗಾಳಿಗೆ ಬೇಗ ಕೆಟ್ಟು ಕಿತ್ತಳೆ ಚುಕ್ಕೆ ಏಳುತ್ತದೆ, ಹಳಸಿದ ಎಣ್ಣೆಯ ವಾಸನೆ ಹೊಡೆಯುತ್ತದೆ. ಪ್ಲಾಸ್ಟಿಕ್ ಪಟ್ಟಿಯ ಲೇಪನ ಅಲ್ಯುಮಿನಿಯಂ ಆಗಿದ್ದರೆ ಲೈಯಲ್ಲಿ ಗುಳ್ಳೆ ಏಳುತ್ತದೆ. ಜರಿ ಇಲ್ಲದ ಒಡಲಿನ ಬಟ್ಟೆ ತಗೊಂಡರೂ ಅದಕ್ಕೆ ಯಾವ ಬಣ್ಣ ಹಾಕಿದ್ದಾರೆ, ಯಾವ ಪಾಲಿಷ್ ಕೊಟ್ಟಿದ್ದಾರೆ ಎಂದು ಯಾರಿಗೆ ಗೊತ್ತು? ಬಟ್ಟೆಯ ಬಣ್ಣ ಮೈಗೆ ಹಚ್ಚಲು ಮಾಡಿದ್ದಲ್ಲ.

ಅದಕ್ಕೂ ಮಿಗಿಲಾಗಿ, ಆ ಸೀರೆ ಪೂರ್ತಿ ರೇಷ್ಮೆಯೇ ಆಗಿತ್ತಾ? ಪಾಲಿಯೆಸ್ಟರ್ ಅಥವಾ ಆರ್ಟ್ ಸಿಲ್ಕ್ ಎಂದು ಕರೆಯುವ ವಿಸ್ಕೋಸ್ ಬೆರೆತಿದ್ದರೆ ಬಿಸಿ ಲೈಯಲ್ಲೂ ಅದು ಹಾಗೇ ಉಳಿಯುತ್ತಿತ್ತು. ಬಟ್ಟೆ ಪರೀಕ್ಷಿಸುವ ಲ್ಯಾಬ್‌ಗಳಲ್ಲಿ ಮಾಡುವುದೂ ಇದನ್ನೇ. ಐದು ಪರ್ಸೆಂಟ್ ಕಾಸ್ಟಿಕ್ ದ್ರಾವಣ ಕುದಿಸಿ ಎಳೆ ಹಾಕುತ್ತಾರೆ. ರೇಷ್ಮೆ, ಉಣ್ಣೆ ಕರಗಿ ಹೋಗುತ್ತವೆ, ಹತ್ತಿ ಮತ್ತು ವಿಸ್ಕೋಸ್ ಉಳಿಯುತ್ತವೆ. ಮನೆಯಲ್ಲಿ ಇದಕ್ಕಿಂತ ಸುಲಭದ್ದು ಬೆಂಕಿ ಪರೀಕ್ಷೆ. ಎರಡು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಸುಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಕಪ್ಪು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ವಿಸ್ಕೋಸ್ ಕಾಗದದಂತೆ ಉರಿದುಹೋಗುತ್ತದೆ. ಹೊಸ ಸೀರೆ ಕೊಳ್ಳುವಾಗಲೂ ಉಪಯೋಗಕ್ಕೆ ಬರುವ ವಿದ್ಯೆ ಇದು, ಅಂಗಡಿಯವರು ಒಪ್ಪಿದರೆ.

ಗೂಡು ಒಳ್ಳೆಯದು. ನಿಮ್ಮ ಕಡೆ ಅದಕ್ಕೇನು ಬರ? ಹುಳು ತೆಗೆದ, ಕತ್ತರಿಸಿದ ಗೂಡು ತಗೊಳ್ಳಿ. ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿ. ಹುಳು ಕೊನೆಯ ಸಲ ಪೊರೆ ಬಿಟ್ಟಾಗಿನ ಸುಕ್ಕು ಸಿಪ್ಪೆ ತಳದಲ್ಲಿ ಅಂಟಿಕೊಂಡಿರುತ್ತದೆ, ಅದನ್ನು ಕೆರೆದು ತೆಗೆಯಿರಿ. ಕಂದು ಕಲೆ ಇದ್ದರೆ ಒಳಗೆ ಹುಳು ಸತ್ತು ಕೊಳೆತದ್ದು, ಅಂಥ ಗೂಡು ಬೇಡ. ಹುಳುವಿನ ಚೂರು ಒಂದೂ ಉಳಿಯಬಾರದು. ಒಣಗಿದ ಪ್ಯೂಪಾದಲ್ಲಿ (ಗೂಡಿನೊಳಗಿನ ಹುಳುವಿನಲ್ಲಿ) ಕಾಲು ಭಾಗಕ್ಕೂ ಮಿಕ್ಕಿ ಎಣ್ಣೆ ಇರುತ್ತದೆ, ಅದರ ನಾತ ಯಾವ ಸುಗಂಧಕ್ಕೂ ಬಗ್ಗುವುದಿಲ್ಲ. ಗೂಡಿನ ಗೋಡೆ ಪದರ ಪದರವಾಗಿ ಅಂಟಿಕೊಂಡಿರುವುದರಿಂದ ಕತ್ತರಿಸಿ ಹಾಕಿದರೂ ಬಿಲ್ಲೆಗಳಾಗೇ ನಿಲ್ಲುತ್ತದೆ. ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಒದ್ದೆ ಇರುವಾಗಲೇ ಪದರ ಎಳೆದು ಬಿಡಿಸಿ, ನೆರಳಲ್ಲಿ ಒಣಗಿಸಿ, ಆಮೇಲೆ ತೂಕ ಮಾಡಿ. ದ್ವಿತಳಿಯ ಬಿಳಿ ಗೂಡಾದರೂ ಸರಿ, ಮಿಶ್ರತಳಿಯ ಹಳದಿ ಗೂಡಾದರೂ ಸರಿ. ಹಳದಿ ಬಣ್ಣ ಬಹುಪಾಲು ಅಂಟಿನಲ್ಲಿರುವುದು, ಹಿಪ್ಪುನೇರಳೆ ಸೊಪ್ಪಿನಿಂದ ಬಂದದ್ದು. ಒಂದು ಗ್ರಾಂನಲ್ಲಿ ಸೋಪಿನ ಬಣ್ಣಕ್ಕೆ ಅದರಿಂದ ಏನೂ ಆಗುವುದಿಲ್ಲ.

ರೀಲಿಂಗ್ ತ್ಯಾಜ್ಯವೂ ಆಗುತ್ತದೆ, ಒಂದು ಷರತ್ತಿನ ಮೇಲೆ. ಎಳೆಯ ತುದಿ ಹುಡುಕುವಾಗ ಬರುವ ಸಿಕ್ಕು ಸಿಕ್ಕು ರೇಷ್ಮೆ ತೊಟ್ಟಿಯ ನೀರಲ್ಲಿ ನೆಂದಿರುತ್ತದೆ, ಮೂಲೆಯಲ್ಲಿ ರಾಶಿ ಬಿದ್ದು ವಾಸನೆ ಹಿಡಿದಿರುತ್ತದೆ. ಅದನ್ನು ಬೇಯಿಸಿ ಅಂಟು ತೆಗೆದೇ ಬಳಸಿ. ಒಂದು ಲೀಟರ್ ನೀರು, ತುರಿದ ಸೋಪು ಒಂದು ಟೀ ಚಮಚ, ವಾಷಿಂಗ್ ಸೋಡ ಅರ್ಧ ಟೀ ಚಮಚ. ಕುದಿ ಬರುವ ಮುಂಚಿನ ಬಿಸಿಯಲ್ಲಿ ಮುಕ್ಕಾಲು ಗಂಟೆ ಇಟ್ಟು, ಎರಡು ಮೂರು ನೀರಿನಲ್ಲಿ ತೊಳೆದು ಒಣಗಿಸಿ. ಮುಟ್ಟಿದರೆ ಗೊತ್ತಾಗುತ್ತದೆ. ಗರಗರ ಅನ್ನುತ್ತಿದ್ದದ್ದು ಮೃದುವಾಗಿ, ಬೆಳ್ಳಗೆ ಹೊಳೆಯುತ್ತದೆ. ಇಲ್ಲಿ ಸೆರಿಸಿನ್ ಹೋಗುತ್ತದೆ ನಿಜ. ವಾಸನೆಯ ಸೋಪಿಗಿಂತ ಅದು ಹೋದದ್ದೇ ವಾಸಿ. ಸ್ವಚ್ಛವಾದ ಗೂಡಿಗೆ ಮಾತ್ರ ಅಂಟು ತೆಗೆಯಬೇಕಿಲ್ಲ, ಅದೂ ಒಳ್ಳೆಯ ಪ್ರೋಟೀನೇ.

ಹೊರದೇಶದ ಸೋಪಿನವರು ಹೆಚ್ಚಾಗಿ ಬಳಸುವುದು ತಸರ್ ರೇಷ್ಮೆ. ನೂಲುವವರಿಗಾಗಿ ಬಾಚಿ, ಹಗುರ ಮಾಡಿ ಮಾರುತ್ತಾರಲ್ಲ, ಅದು. ಬಾಚಿರುವುದರಿಂದ ಬೇಗ ಕರಗುತ್ತದೆ ಅಷ್ಟೇ. ಶಿಡ್ಲಘಟ್ಟದಲ್ಲಿ ಕೂತು ಅದನ್ನು ತರಿಸುವುದು ಮಲೆನಾಡಿನವರು ಅಡಿಕೆ ಕೊಂಡು ತಂದ ಹಾಗೆ.

ಚರ್ಮಕ್ಕೆ ಲಾಭದ ಮಾತು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಬಡಾಯಿ ನಡೆಯುವುದು ಇಲ್ಲೇ.

ಸೋಪಿನಲ್ಲಿ ಕೊನೆಗೆ ಉಳಿಯುವುದು ರೇಷ್ಮೆ ಅಲ್ಲ. ಅದು ಒಡೆದ ಚೂರುಗಳು. ಸಣ್ಣ ಪ್ರೋಟೀನ್ ತುಣುಕು, ಅಮೈನೊ ಆಸಿಡ್‌ಗಳ ಸೋಡಿಯಂ ಲವಣ. ಫೈಬ್ರೊಯಿನ್‌ನಲ್ಲಿ ಎಂಬತ್ತು ಪರ್ಸೆಂಟಿಗೂ ಜಾಸ್ತಿ ಬರೀ ಮೂರು ಅಮೈನೊ ಆಸಿಡ್: ಗ್ಲೈಸಿನ್, ಅಲನಿನ್, ಸೆರಿನ್. ಸೆರಿಸಿನ್‌ನಲ್ಲಂತೂ ಸೆರಿನ್ನೇ ಮೂರನೇ ಒಂದು ಪಾಲು. ನಮ್ಮ ಚರ್ಮದ ಮೇಲ್ಪದರದಲ್ಲಿ ತೇವ ಹಿಡಿದಿಡುವ ಸಹಜ ವಸ್ತುಗಳಲ್ಲೂ ಸೆರಿನ್ ಮುಖ್ಯವಾದದ್ದು. ‘ರೇಷ್ಮೆ ಚರ್ಮಕ್ಕೆ ತೇವ ಕೊಡುತ್ತದೆ’ ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಹಚ್ಚಿ ಬಿಡುವ ಕ್ರೀಮಿನ ವಿಷಯದಲ್ಲಿ ಆ ಮಾತಿಗೆ ಅರ್ಥ ಇದೆ. ಸೋಪು ಅರ್ಧ ನಿಮಿಷ ಮೈಮೇಲಿದ್ದು ಬಚ್ಚಲಿಗೆ ಹೋಗುವ ವಸ್ತು.

ಇನ್ನೊಂದು ಲೆಕ್ಕ ನೋಡಿ. ಮೇಲೆ ಹೇಳಿದ ಒಂದು ಕಿಲೋ ಎಣ್ಣೆಯ ಸೋಪಿನಲ್ಲಿ ಎಣ್ಣೆ ಒಡೆದು ತಾನಾಗೇ ಹುಟ್ಟುವ ಗ್ಲಿಸರಿನ್ ಸುಮಾರು 110 ಗ್ರಾಂ. ನಾವು ಹಾಕುವ ರೇಷ್ಮೆ ಒಂದು ಗ್ರಾಂ. ನಿಮ್ಮ ಸೋಪು ಅಂಗಡಿಯ ಅಗ್ಗದ ಸೋಪಿಗಿಂತ ಮೈಗೆ ಹಿತ ಅನ್ನಿಸಿದರೆ ಅದಕ್ಕೆ ಕಾರಣ ಆ ಗ್ಲಿಸರಿನ್ ಮತ್ತು ನೀವು ಬಿಟ್ಟ ಸೂಪರ್‌ಫ್ಯಾಟ್. ದೊಡ್ಡ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಬೇರೆ ಮಾಡಿ ತೆಗೆದುಬಿಡುತ್ತಾರೆ.

ಹಾಗಾದರೆ ರೇಷ್ಮೆ ಸುಮ್ನೆನಾ? ಪೂರ್ತಿ ಸುಮ್ನೆ ಅಲ್ಲ. ಪ್ರೋಟೀನ್ ತುಣುಕುಗಳು ನೊರೆಗೆ ಬಲ ಕೊಡುತ್ತವೆ. ಗುಳ್ಳೆ ಸಣ್ಣಗೆ, ಕೆನೆಯಾಗಿ, ಸ್ವಲ್ಪ ಹೊತ್ತು ನಿಲ್ಲುತ್ತದೆ. ಕೈಯಲ್ಲಿ ಜಾರುವ ನುಣುಪು ಒಂಚೂರು ಹೆಚ್ಚುತ್ತದೆ. ನನಗೆ ಅದು ಇಷ್ಟ, ಅದಕ್ಕೇ ಹಾಕುತ್ತೇನೆ. ಆದರೆ ಕೊಬ್ಬರಿ ಎಣ್ಣೆ ಎಂಬತ್ತು ಪರ್ಸೆಂಟ್ ಹಾಕಿ ಮೈ ಬಿರುಕು ಬಿಡಿಸುವ ಸೋಪು ಮಾಡಿ, ಅದನ್ನು ರೇಷ್ಮೆ ಸರಿಮಾಡುತ್ತದೆ ಎಂದು ಕಾಯಬೇಡಿ. ನಿಮಗೇ ಪರೀಕ್ಷಿಸಬೇಕೆಂದರೆ ಒಂದೇ ದಿನ, ಒಂದೇ ಎಣ್ಣೆಯಲ್ಲಿ ಎರಡು ಸಣ್ಣ ಅಚ್ಚು ಮಾಡಿ. ಒಂದಕ್ಕೆ ರೇಷ್ಮೆ, ಒಂದಕ್ಕೆ ಇಲ್ಲ. ಆರು ವಾರ ಒಣಗಿಸಿ, ಯಾವುದು ಯಾವುದೆಂದು ಹೇಳದೆ ಮನೆಯವರಿಗೆ ಕೊಡಿ. ಅವರು ಗುರುತಿಸಿದರೆ ಹಾಕಿ, ಗುರುತಿಸದಿದ್ದರೆ ಭಾವನವರ ರೇಷ್ಮೆ ಉಳಿಯಿತು.

ಅಲರ್ಜಿಯ ಬಗ್ಗೆ ಎರಡು ಮಾತು. ರೇಷ್ಮೆ ಪ್ರೋಟೀನು, ಯಾವ ಪ್ರೋಟೀನಿಗೂ ಯಾರಿಗಾದರೂ ಒಗ್ಗದೆ ಹೋಗಬಹುದು. ರೇಷ್ಮೆ ಕೆಲಸ ಮಾಡುವವರಲ್ಲಿ ಉಬ್ಬಸ ಕಾಣಿಸಿಕೊಳ್ಳುವುದು ವೈದ್ಯರಿಗೆ ಗೊತ್ತಿರುವ ವಿಷಯ, ನಿಮ್ಮ ಊರಲ್ಲೂ ನೋಡಿರುತ್ತೀರಿ. ಅಂಥವರು ಮನೆಯಲ್ಲಿದ್ದರೆ ಒಣ ಗೂಡು ಕತ್ತರಿಸುವ ಧೂಳಿನಿಂದ ದೂರ ಇರಲಿ, ಈ ಸೋಪನ್ನೂ ಕೊಡಬೇಡಿ. ‘ತೊಳೆದು ಹೋಗುವ ಸೋಪಿನಿಂದ ಏನಾಗುತ್ತದೆ’ ಎನ್ನುವವರಿಗೆ ಜಪಾನಿನ ಉದಾಹರಣೆ ಇದೆ. ಅಲ್ಲಿ ಒಡೆದ ಗೋಧಿ ಪ್ರೋಟೀನ್ ಹಾಕಿದ ಮುಖದ ಸೋಪೊಂದನ್ನು ದಿನಾ ಬಳಸಿದ ಎರಡು ಸಾವಿರಕ್ಕೂ ಹೆಚ್ಚು ಜನಕ್ಕೆ ಗೋಧಿಯ ಊಟವೇ ಆಗದ ಅಲರ್ಜಿ ಬಂತು, 2011ರಲ್ಲಿ ಸೋಪನ್ನು ವಾಪಸ್ ಪಡೆದರು. ಅದು ಗೋಧಿ, ಇದು ರೇಷ್ಮೆ, ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಗಾಯ, ಇಸುಬು ಇರುವ ಚರ್ಮಕ್ಕೆ ಪ್ರೋಟೀನ್ ಸೋಪು ಬೇಡ ಎನ್ನುವಷ್ಟಕ್ಕೆ ಅದು ಸಾಕು. ಲೇಬಲ್ಲಿನಲ್ಲಿ ‘ರೇಷ್ಮೆ’ ಎಂದು ಕಾಣುವ ಹಾಗೆ ಬರೆಯಿರಿ.

ನಿಮ್ಮ ಜೈನ ಗೆಳತಿಯ ಪ್ರಶ್ನೆ ನ್ಯಾಯವಾದದ್ದು. ಮಾರುಕಟ್ಟೆಗೆ ಬರುವ ಗೂಡಿನೊಳಗೆ ಹುಳು ಜೀವಂತ ಇರುತ್ತದೆ, ಬಿಸಿ ಗಾಳಿಯಲ್ಲೋ ಬಿಸಿನೀರಿನಲ್ಲೋ ಸಾಯುತ್ತದೆ. ನಿಮ್ಮ ಭಾವನವರ ರೇಷ್ಮೆ ಅಹಿಂಸಾ ರೇಷ್ಮೆ ಅಲ್ಲ, ನೇರವಾಗಿ ಹಾಗೇ ಹೇಳಿಬಿಡಿ. ಆಗ ಬಿತ್ತನೆ ಕೋಠಿಯ (ರೈತರಿಗೆ ಕೊಡುವ ರೇಷ್ಮೆ ಮೊಟ್ಟೆ ತಯಾರಿಸುವ ಕಡೆಯ) ತೂತು ಗೂಡು ನೆನಪಾಗುತ್ತದೆ. ಅದರಲ್ಲಿ ಚಿಟ್ಟೆ ತಾನೇ ತೂತು ಮಾಡಿ ಹೊರಗೆ ಬಂದಿರುತ್ತದೆ, ಹಾಗಾಗಿ ಹಿಂಸೆ ಇಲ್ಲ ಎಂದು ಹಲವರು ಮಾರುತ್ತಾರೆ. ಅರ್ಧ ನಿಜ. ಮೊಟ್ಟೆ ಇಟ್ಟ ಹೆಣ್ಣು ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಗಂಟುರೋಗದ ಪರೀಕ್ಷೆ ಮಾಡುತ್ತಾರೆ. 1860ರ ದಶಕದಲ್ಲಿ ಲೂಯಿ ಪಾಶ್ಚರ್ ತೋರಿಸಿಕೊಟ್ಟ ಪದ್ಧತಿ ಅದು. ತಾಯಿಗೆ ಗಂಟುರೋಗ ಇದ್ದರೆ ಮೊಟ್ಟೆಗೂ ಇರುತ್ತದೆ, ಆ ಮೊಟ್ಟೆ ರೈತರಿಗೆ ಹೋದರೆ ಬೆಳೆಯೇ ನಾಶ. ಹಾಗಾಗಿ ಈ ಪರೀಕ್ಷೆ ಬಿಡುವ ಹಾಗಿಲ್ಲ. ಅಸ್ಸಾಂ ಕಡೆಯ ಎರಿ ರೇಷ್ಮೆಯ ಗೂಡಿಗೆ ಒಂದು ತುದಿ ತೆರೆದೇ ಇರುತ್ತದೆ, ಹುಳು ಕೊಲ್ಲದೆ ನೂಲಬಹುದು. ಆದರೆ ಅಲ್ಲಿ ಎರಿ ಪ್ಯೂಪಾ ಜನರಿಗೆ ಇಷ್ಟದ ಆಹಾರ. ಕೊಂಡುಕೊಳ್ಳುವವರು ಎಲ್ಲಿಂದ, ಹೇಗೆ ಎಂದು ಕೇಳಿಯೇ ತಿಳಿಯಬೇಕು. ನಿಮ್ಮ ಗೆಳತಿಗೆ ರೇಷ್ಮೆ ಇಲ್ಲದ ಸೋಪು ಮಾಡಿಕೊಡಿ. ಮೇಲಿನ ಲೆಕ್ಕ ನೋಡಿದರೆ ಅವರು ಕಳೆದುಕೊಳ್ಳುವುದು ಬಹಳ ಏನಿಲ್ಲ.

ಹಾಲಿನ ಸೋಪಿಗೆ ರೇಷ್ಮೆ ಹಾಕುವವರಿಗೆ ಒಂದು ಸೂಚನೆ. ಹಾಲು ಬಿಸಿ ಲೈಗೆ ಸುಟ್ಟು ಕಂದಾಗುತ್ತದೆ, ರೇಷ್ಮೆಗೆ ಬಿಸಿ ಬೇಕು, ಎರಡಕ್ಕೂ ಹೊಂದುವುದಿಲ್ಲ. ಕಾಸ್ಟಿಕ್ಕಿನಷ್ಟೇ ತೂಕದ ನೀರಿನಲ್ಲಿ ಕಾಸ್ಟಿಕ್ ಮತ್ತು ರೇಷ್ಮೆ ಕರಗಿಸಿ, ಉಳಿದ ನೀರಿನ ಬದಲು ಹಾಲನ್ನು ಎಣ್ಣೆಗೆ ಸೇರಿಸಿ. ನೀರು ಕಾಸ್ಟಿಕ್ಕಿಗಿಂತ ಕಡಿಮೆ ಆಗಬಾರದು. ಆ ಲೈ ಇನ್ನೂ ಕಟು, ಹುಷಾರು. ಕರಗಿಸಿ ಅಚ್ಚಿಗೆ ಹಾಕುವ ರೆಡಿಮೇಡ್ ಸೋಪ್ ಬೇಸ್ ತಂದು ಮಾಡುವವರು ಎಳೆ ಹಾಕಲೇಬೇಡಿ. ಅದರಲ್ಲಿ ಕಾಸ್ಟಿಕ್ ಉಳಿದಿರುವುದಿಲ್ಲ, ಎಳೆ ಕರಗುವ ಮಾತೇ ಇಲ್ಲ. ಅಂಥವರಿಗೆ ಮೊದಲೇ ಒಡೆದು ನೀರಿನಂತೆ ಮಾಡಿರುವ ರೇಷ್ಮೆ ಪ್ರೋಟೀನ್ ಸಿಗುತ್ತದೆ, ಅದನ್ನು ಕೊನೆಯಲ್ಲಿ ಕಲಸಿದರೆ ಆಯಿತು.

ಈ ಸೋಪಿನಲ್ಲಿ ರೇಷ್ಮೆ ಸೀರೆ ಒಗೆಯಬಹುದಾ ಎಂದು ಮುಂದೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಬೇಡ. ರೇಷ್ಮೆ ಹಾಕಿದ ಮಾತ್ರಕ್ಕೆ ಸೋಪು ಕ್ಷಾರ ಅಲ್ಲದೆ ಹೋಗುವುದಿಲ್ಲ, ಪಿಎಚ್ ಒಂಬತ್ತು ಹತ್ತರ ನಡುವೆಯೇ ಇರುತ್ತದೆ. ಬಣ್ಣ, ಜರಿಗೆ ಒಳ್ಳೆಯದಲ್ಲ. ನಮ್ಮ ಅಜ್ಜಿಯರು ಅಂಟವಾಳದ ಕಾಯಿ ಹಿಡಿದಿದ್ದು ಸುಮ್ನೆ ಅಲ್ಲ.

ನೀವು ಸೋಪನ್ನು ದುಡ್ಡಿಗೆ ಕೊಡುತ್ತೀರೋ, ಹಾಗೇ ಹಂಚುತ್ತೀರೋ ಬರೆದಿಲ್ಲ. ಮಾರುವುದಾದರೆ ಮೈ ಸೋಪು ಕಾಸ್ಮೆಟಿಕ್ ಲೆಕ್ಕಕ್ಕೆ ಬರುತ್ತದೆ. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ತಯಾರಿಕೆಗೆ ರಾಜ್ಯದ ಪರವಾನಗಿ ಬೇಕು. ಮನೆಯಲ್ಲಿ ಮಾಡಿದ್ದು, ಸಣ್ಣ ಪ್ರಮಾಣ ಎಂಬುದು ಕಾರಣ ಆಗುವುದಿಲ್ಲ. ಸುಕ್ಕು ಹೋಗುತ್ತದೆ, ಇಸುಬು ವಾಸಿಯಾಗುತ್ತದೆ ಎಂದೆಲ್ಲ ಲೇಬಲ್ಲಿನಲ್ಲಿ ಬರೆದರೆ ಅದು ಔಷಧಿಯ ಮಾತಾಗಿ ಇನ್ನೊಂದು ತೊಡಕು. ‘ರೇಷ್ಮೆ ಪ್ರೋಟೀನ್ ಸೇರಿಸಿದೆ’ ಎಂದರೆ ಸಾಕು.

ಕೊನೆಗೆ, ಹಾಳಾದ ಸೋಪು. ಮೈಗೆ ಹಚ್ಚಬೇಡಿ. ಅದರೊಳಗೆ ಜರಿ ಇದೆ, ಏನೆಂದು ಗೊತ್ತಿಲ್ಲದ ಬಣ್ಣ ಇದೆ. ಎಸೆಯುವುದೂ ಬೇಡ. ತುರಿದು, ಸ್ವಲ್ಪ ನೀರು ಹಾಕಿ, ಕುದಿನೀರಿನ ಮೇಲೆ ಪಾತ್ರೆ ಇಟ್ಟು ಮೆತ್ತಗೆ ಮಾಡಿ, ದೊಡ್ಡ ಕಣ್ಣಿನ ಸ್ಟೀಲ್ ಜರಡಿಯಲ್ಲಿ ಒತ್ತಿ ತೆಗೆಯಿರಿ. ಎಳೆ, ಜರಿ ಎಲ್ಲ ಮೇಲೆ ನಿಲ್ಲುತ್ತವೆ. ಇಳಿದದ್ದನ್ನು ಒಂದು ಡಬ್ಬಿಗೆ ತುಂಬಿ ನೆಲ ಒರೆಸಲು, ಕಾಲೊರೆಸು ತೊಳೆಯಲು ಇಟ್ಟುಕೊಳ್ಳಿ. ಜರಡಿಯ ಮೇಲೆ ನಿಂತ ಎಳೆಯನ್ನು ತೊಳೆದು ಒಣಗಿಸಿ ಎರಡು ಎಳೆ ಸುಟ್ಟು ನೋಡಿ. ಗಟ್ಟಿ ಮಣಿಯಾದರೆ ಆ ಸೀರೆ ಕೊಟ್ಟ ಅಂಗಡಿಗೆ ಮತ್ತೆ ಹೋಗಬೇಡಿ.